ಕೊಟ್ಟದ್ದೋ, ತಗೊಂಡದ್ದೋ: ಒಂದು ಫೋನಿನ 17 ದಿನ

“ಫೋನ್ ಹೇಗೆ ಹೋಯ್ತು?” ಅಂತ ಮೊದಲ ದಿನ ನಾನು ಕೇಳಿದಾಗ ಹುಡುಗ ಹೇಳಿದ್ದು ಎರಡೇ ಮಾತು. “ಕೊಡು ಅಂದ್ರು. ಕೊಟ್ಟೆ.”

ನಾನು ಬರೆದ ಅರ್ಜಿಯಲ್ಲಿ ಅದು “ವಶಪಡಿಸಿಕೊಂಡರು” ಅಂತಾಯಿತು. ಠಾಣೆಯವರು ಸಹಿಗೆ ಮುಂದಿಟ್ಟ ಕಾಗದದಲ್ಲಿ “ಸ್ವಇಚ್ಛೆಯಿಂದ ಹಾಜರುಪಡಿಸಿದ” ಅಂತಾಯಿತು. ಆದದ್ದು ಒಂದೇ ಕೆಲಸ. ಒಂದು ಕೈಯಿಂದ ಇನ್ನೊಂದು ಕೈಗೆ ಫೋನ್ ಹೋಯಿತು. ಅದಕ್ಕೆ ಮೂರು ಮಾತು. ಯಾವ ಮಾತು ಕಾಗದದ ಮೇಲೆ ಉಳಿಯುತ್ತದೆ ಅನ್ನುವುದೇ ಈ ಪ್ರಕರಣ.

ನಾನು ಕೊಡಗಿನ ಒಂದು ತಾಲ್ಲೂಕು ಕೋರ್ಟಿನಲ್ಲಿ ವಕೀಲೆ. ಕಾನೂನು ಸೇವಾ ಸಮಿತಿಯ ಪ್ಯಾನೆಲ್‌ನಲ್ಲೂ ಇದ್ದೇನೆ. ಹುಡುಗನನ್ನು ಇಲ್ಲಿ ಮಣಿ ಅಂತ ಕರೆಯುತ್ತೇನೆ, ಅದು ಅವನ ಹೆಸರಲ್ಲ. ಊರು, ತೋಟ, ಠಾಣೆ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಮಣಿ ಮತ್ತು ಅವನ ತಾಯಿ ಬರೆಯಲು ಒಪ್ಪಿದ್ದಾರೆ. ಇದರಲ್ಲಿ ಬರುವ ಹುಡುಗಿಯನ್ನು ನಾನು ಕೇಳಲು ಹೋಗಲಿಲ್ಲ. ಹಾಗಾಗಿ ಅವಳ ಬಗ್ಗೆ ಬರೆದದ್ದು ತೀರಾ ಕಡಿಮೆ.

ತೋಟ, ಲೈನ್, ಕಣ

2025ರ ಜನವರಿ. ರೋಬಸ್ಟಾ ಕಾಫಿಯ ಕೊಯ್ಲು ಜೋರಾಗಿದ್ದ ಸಮಯ. ಒಣಗಿದ ಚೆರಿಯ, ಅಂದರೆ ಕಾಫಿ ಹಣ್ಣಿನ, 50 ಕೆಜಿ ಚೀಲಕ್ಕೆ 10,000 ರೂಪಾಯಿ ದಾಟಿತ್ತು. ಕೆಲವೇ ವರ್ಷದ ಹಿಂದೆ ಇದರ ಅರ್ಧವೂ ಇರಲಿಲ್ಲ. ರೇಟು ಏರಿದ ಹಾಗೆ ಕಾಫಿ ಒಣಗಿಸುವ ಕಣಕ್ಕೆ ಕಾವಲೂ ಏರಿತು. ಮೊದಲು ರಾತ್ರಿ ಕಣದಲ್ಲಿ ಒಬ್ಬ ಮಲಗಿದರೆ ಸಾಕಿತ್ತು, ಅದೂ ಮುಖ್ಯವಾಗಿ ಆನೆ ಬಂದರೆ ಕೂಗಿ ಹೇಳಲಿಕ್ಕೆ. ಆ ವರ್ಷ ತೋಟಗಳಲ್ಲಿ ಸಿಸಿ ಕ್ಯಾಮೆರಾ, ಸೋಲಾರ್ ಲೈಟು, ಹೊಸ ಬೀಗ ಎಲ್ಲ ಬಂದವು.

ಮಣಿಗೆ 24 ವರ್ಷ. ಎರವ ಸಮುದಾಯದವನು. ದಕ್ಷಿಣ ಕೊಡಗಿನ ಒಂದು ತೋಟದ ಲೈನ್ ಮನೆಯಲ್ಲಿ ತಾಯಿ, ತಂಗಿ ಜೊತೆ ಇದ್ದಾನೆ. ಲೈನ್ ಮನೆ ಗೊತ್ತಿಲ್ಲದವರಿಗೆ ಹೇಳಬೇಕು: ಸಾಲಾಗಿ ಕಟ್ಟಿದ ಒಂದೊಂದು ಕೋಣೆ, ಮುಂದೆ ಒಂದು ಜಗಲಿ, ಜಾಗ ತೋಟದ್ದು. ಕೆಲಸ ಇರುವವರೆಗೆ ಮನೆ. ಬಾಡಿಗೆ ಕರಾರು ಇಲ್ಲ. ಸಾಹುಕಾರ್ರ ಮನಸ್ಸು ಕೆಟ್ಟರೆ ಸಾಮಾನು ಹೊರಗೆ. ಇದನ್ನು ತಲೆಯಲ್ಲಿಟ್ಟುಕೊಂಡು ಮುಂದಿನದನ್ನು ಓದಿ, ಯಾಕೆಂದರೆ ನಾವು ಮಾಡಿದ ಪ್ರತಿ ತೀರ್ಮಾನದ ಹಿಂದೆ ಈ ಮನೆ ಇತ್ತು.

ಒಂದು ಬೆಳಿಗ್ಗೆ ಗೋಡೌನ್‌ನಲ್ಲಿ ನಾಲ್ಕು ಚೀಲ ಕಮ್ಮಿ ಬಂತು. ಆ ವಾರ ಕಣದ ಕಾವಲಿಗೆ ಇದ್ದವರು ಮೂವರು. ಮಣಿ ಅವರಲ್ಲಿ ಒಬ್ಬ. ತೋಟದ ಲೆಕ್ಕ ಬರೆಯುವ ರೈಟರ್ ಠಾಣೆಗೆ ಹೋಗಿ ಒಂದು ಅರ್ಜಿ ಕೊಟ್ಟರು. ಎಫ್‌ಐಆರ್ ಆಗಲಿಲ್ಲ. “ಮೊದಲು ವಿಚಾರಿಸೋಣ” ಅಂದರಂತೆ. ನಮ್ಮ ಕಡೆ ಬಹಳ ವಿಷಯ ಹೀಗೇ ಅರ್ಜಿಯಲ್ಲೇ ಮುಗಿಯುತ್ತದೆ. ಎಷ್ಟೋ ಸಲ ಅದು ಒಳ್ಳೆಯದೂ ಹೌದು. ಈ ಸಲ ಆಗಲಿಲ್ಲ.

ಅರ್ಧ ಗಂಟೆ

ಸಂಜೆ ಮಣಿಯ ಫೋನಿಗೆ ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜು ಬಂತು. ನಾಳೆ ಬೆಳಿಗ್ಗೆ 10 ಗಂಟೆಗೆ ಠಾಣೆಗೆ ಬಾ. ಅಷ್ಟೇ. ನೋಟಿಸು ಇಲ್ಲ, ಯಾವ ಕೇಸು ಅಂತ ಇಲ್ಲ.

ಹೋದ. ತಾಯಿಯೂ ಹೋದರು, ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಒಳಗೆ ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಇದನ್ನು ಮಣಿ ಪ್ರತಿ ಸಲ ಒತ್ತಿ ಹೇಳುತ್ತಾನೆ. ಟೀ ಕೂಡ ಕೊಟ್ಟರಂತೆ. ಟೀ ಕುಡಿಯುತ್ತಿದ್ದಾಗ ಪೇದೆಯೊಬ್ಬರು ಕೈ ಚಾಚಿ “ಫೋನ್ ಕೊಡಪ್ಪ, ನೋಡ್ತೀನಿ” ಅಂದರು. ಕೊಟ್ಟ. “ಲಾಕ್ ತೆಗಿ” ಅಂದರು. ಅಂಗೈ ಅಡ್ಡ ಹಿಡಿದು ಪ್ಯಾಟರ್ನ್ ಎಳೆದ. ಅವರು ನಕ್ಕು, “ಕೈ ತೆಗಿಯೋ, ನಾವೇನ್ ಕದೀತೀವಾ?” ಅಂದರು. ಮತ್ತೊಮ್ಮೆ, ಎಲ್ಲರಿಗೂ ಕಾಣುವ ಹಾಗೆ ಎಳೆದ.

ಆಮೇಲೆ ಆ ಫೋನ್ ಮೂರು ಮೇಜು ಸುತ್ತಿತು. ಗ್ಯಾಲರಿ, ಕಾಲ್ ಲಿಸ್ಟು, ಫೋನ್‌ಪೇ, ವಾಟ್ಸಾಪು. ಕಾಫಿ ಚೀಲದ ಸುದ್ದಿ ಏನೂ ಸಿಗಲಿಲ್ಲ. ಸಿಕ್ಕಿದ್ದು ಪಕ್ಕದ ಊರಿನ ಒಬ್ಬ ಹುಡುಗಿಯ ಜೊತೆಗಿನ ಮಾತು. ಬೇರೆ ಜಾತಿಯವಳು. ಎಂಟು ತಿಂಗಳ ಮೆಸೇಜು. ಮಧ್ಯಾಹ್ನ ಅವನನ್ನು ಕಳಿಸಿದರು. ಫೋನ್ ಕಳಿಸಲಿಲ್ಲ. “ಎರಡು ದಿನ ಬಿಟ್ಟು ಬಾ.” ಚೀಟಿ ಕೊಡಲಿಲ್ಲ, ಇವನು ಕೇಳಲೂ ಇಲ್ಲ.

ನಮ್ಮಲ್ಲಿ ತೋಟಕ್ಕೂ ಒಬ್ಬ ರೈಟರ್, ಠಾಣೆಗೂ ಒಬ್ಬ ರೈಟರ್. ಎರಡೂ ಕಡೆಯವರಿಗೆ ಪರಿಚಯ ಇದ್ದೇ ಇರುತ್ತದೆ. ಸುದ್ದಿ ಯಾರಿಂದ ಯಾರಿಗೆ ದಾಟಿತು ಅಂತ ನಾನು ಹೇಳಲಾರೆ, ಅದು ಸಾಬೀತಾಗಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಮರುದಿನ ಸಂಜೆಯೊಳಗೆ ಲೈನಿನಲ್ಲಿ ಮೂವರ ಫೋನಿಗೆ ಒಂದು ಫೋಟೋ ಬಂದಿತ್ತು. ಅದು ಸ್ಕ್ರೀನ್‌ಶಾಟ್ ಅಲ್ಲ. ಒಂದು ಫೋನಿನ ಪರದೆಯನ್ನು ಇನ್ನೊಂದು ಫೋನಿನಿಂದ ತೆಗೆದ ಫೋಟೋ. ಮೇಲುಗಡೆ ಟ್ಯೂಬ್‌ಲೈಟಿನ ಬಿಳಿ ಗೆರೆ, ಕೆಳಗೆ ಮೇಜಿನ ಹಸಿರು ಬಟ್ಟೆಯ ಅಂಚು. ಮಣಿಯ ಫೋನಿನ ಗಾಜು ಎಡ ಮೂಲೆಯಲ್ಲಿ ಒಡೆದಿತ್ತು. ಆ ಬಿರುಕೂ ಫೋಟೋದಲ್ಲಿತ್ತು.

ನನ್ನ ಮೊದಲ ತಪ್ಪು

ಮಣಿ ನನ್ನ ಹತ್ತಿರ ಬಂದದ್ದು ಆರನೇ ದಿನ. ಅಷ್ಟರಲ್ಲಿ ತಾಯಿ ಎರಡು ಸಲ ಠಾಣೆಗೆ ಹೋಗಿ ಬಂದಿದ್ದರು. ಅಂಗನವಾಡಿ ಟೀಚರ್ ಒಬ್ಬರು ಕಾನೂನು ಸೇವಾ ಸಮಿತಿಗೆ ಹೋಗಿ ಅಂದರಂತೆ. ಪರಿಶಿಷ್ಟ ಪಂಗಡದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಬಹಳ ಜನಕ್ಕೆ ಗೊತ್ತಿಲ್ಲ. 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ, ಆದರೆ ಇವನ ಹತ್ತಿರ ಇಲ್ಲದ್ದೇ ಫೋನು!

ಕೇಳಿದ ಕೂಡಲೇ ನನ್ನ ತಲೆ ಓಡಿದ್ದು ಸಂವಿಧಾನದ 20(3)ನೇ ವಿಧಿಗೆ. ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು. ಲಾಕ್ ತೆಗೆಸಿದ್ದು ಅದೇ ಅಲ್ವಾ? ಅವತ್ತು ರಾತ್ರಿ ಹೈಕೋರ್ಟಿಗೆ ರಿಟ್ ಅರ್ಜಿಯ ಕರಡು ಬರೆಯಲು ಕೂತೆ. ನಾಲ್ಕು ಪುಟ ಆಗಿತ್ತು. ಐದನೇ ಪುಟಕ್ಕೆ ತೀರ್ಪುಗಳನ್ನು ತೆಗೆದಾಗ ಕಾಲ ಕೆಳಗಿನ ಮಣ್ಣು ಜಾರಿತು.

ಕಾನೂನು ಹೀಗಿದೆ. 1961ರಲ್ಲಿ ಕಾಥಿ ಕಾಲು ಒಘಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಬೆರಳಚ್ಚು, ಕೈಬರಹದ ಮಾದರಿ ಕೊಡುವುದು ‘ಸಾಕ್ಷಿ ಹೇಳುವುದು’ ಅಲ್ಲ ಅಂದಿತು. ಅದು ದೇಹದ ಗುರುತು, ಮನಸ್ಸಿನ ಮಾತಲ್ಲ. 2010ರಲ್ಲಿ ಬಂದದ್ದು ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣ. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಮಾಡುವ ಹಾಗಿಲ್ಲ ಅಂತ ಕೋರ್ಟು ಹೇಳಿತು, ಯಾಕೆಂದರೆ ಅಲ್ಲಿ ತಲೆಯೊಳಗಿನದನ್ನೇ ಎಳೆದು ತೆಗೆಯುತ್ತಾರೆ. ಹಾಗಾದರೆ ಫೋನಿನ ಲಾಕು ಯಾವ ಕಡೆ? ಅದು ಬೆರಳಚ್ಚಿನ ಥರವೋ, ತಲೆಯೊಳಗಿನ ಮಾತಿನ ಥರವೋ?

2021ರ ಮಾರ್ಚಿನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದ ಹಾಗಲ್ಲ ಅಂದಿದೆ. ದೆಹಲಿಯ ಕೋರ್ಟುಗಳಲ್ಲಿ ಇದಕ್ಕೆ ಎದುರಾದ ಅಭಿಪ್ರಾಯ ಬಂದದ್ದುಂಟು. ಆದರೆ ನಾನು ನಿಂತು ವಾದಿಸಬೇಕಾದದ್ದು ಇಲ್ಲಿ. ಇನ್ನೊಂದು ತೊಡಕು: 20(3) ರಕ್ಷಣೆ ‘ಆರೋಪಿ’ಗೆ. ಎಫ್‌ಐಆರ್ ಇಲ್ಲದ ಮೇಲೆ ಮಣಿ ಯಾವುದರ ಆರೋಪಿ? ಠಾಣೆಯಲ್ಲಿ ಅವನನ್ನು ಕಳ್ಳನ ಹಾಗೆ ನಡೆಸಿಕೊಂಡರು, ಕಾಗದದಲ್ಲಿ ಅವನು ಯಾರೂ ಅಲ್ಲ.

ನಾಲ್ಕು ಪುಟ ಹರಿದು ಹಾಕಿದೆ. ಆದರೆ ಅದೇ ತೀರ್ಪನ್ನು ಕೊನೆಯವರೆಗೆ ಓದಿದ್ದು ಒಳ್ಳೆಯದಾಯಿತು. ಹೊಸ ವಕೀಲರಿಗೆ ನಾನು ಯಾವಾಗಲೂ ಹೇಳುತ್ತೇನೆ, ನಿಮಗೆ ವಿರುದ್ಧವಾದ ತೀರ್ಪನ್ನು ಇನ್ನೂ ಜಾಸ್ತಿ ಗಮನದಿಂದ ಓದಿ ಅಂತ. ವೀರೇಂದ್ರ ಖನ್ನಾ ತೀರ್ಪು 20(3)ರ ಬಾಗಿಲು ಮುಚ್ಚಿದರೂ ಜೀವ, ಸ್ವಾತಂತ್ರ್ಯದ ಹಕ್ಕು ಕೊಡುವ 21ನೇ ವಿಧಿಯ ಬಾಗಿಲನ್ನು ಅಗಲವಾಗಿ ತೆರೆದಿದೆ. ತುರ್ತು ಸಂದರ್ಭ ಬಿಟ್ಟರೆ ಫೋನಿನೊಳಗೆ ಹುಡುಕಲು ಸರ್ಚ್ ವಾರಂಟ್ ಬೇಕು. ತನಿಖೆಯಲ್ಲಿ ಸಿಕ್ಕಿದ್ದನ್ನು ಕೋರ್ಟಿನ ಅನುಮತಿ ಇಲ್ಲದೆ ಬೇರೆಯವರಿಗೆ ಕೊಡುವ ಹಾಗಿಲ್ಲ. ಹಾಗೆ ಕೊಟ್ಟ ತನಿಖಾಧಿಕಾರಿ ಹೊಣೆಗಾರ.

ಇದರ ಬೇರು ಇರುವುದು 2017ರ ಆಗಸ್ಟ್ 24ರ ತೀರ್ಪಿನಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂದರು. ಸರ್ಕಾರ ಅದರೊಳಗೆ ಕೈ ಹಾಕಬೇಕಾದರೆ ಒಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಹಾಕಿದ ಕೈ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ನಾಲ್ಕು ಚೀಲ ಕಾಫಿ ಹುಡುಕುವುದು ನ್ಯಾಯವಾದ ಉದ್ದೇಶವೇ. ಎಂಟು ತಿಂಗಳ ಪ್ರೀತಿಯ ಮಾತು ಓದುವುದು ಅದಕ್ಕೆ ತಕ್ಕಷ್ಟೇ? ಆ ಮಾತಿನಲ್ಲಿ ಅರ್ಧ ಹುಡುಗಿಯದು. ಅವಳ ಮೇಲೆ ಯಾರಿಗೂ ಯಾವ ಸಂಶಯವೂ ಇರಲಿಲ್ಲ.

ಕಾನೂನಿನ ಪಠ್ಯವೂ ನಮ್ಮ ಕಡೆಯೇ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಫೋನಿನಂಥ ಸಾಧನಗಳ ಹೆಸರನ್ನೇ ಎತ್ತುತ್ತದೆ. ಠಾಣಾಧಿಕಾರಿ ಅದನ್ನು ತರಿಸಿಕೊಳ್ಳಬಹುದು, ಆದರೆ ಲಿಖಿತ ಆದೇಶದಿಂದ. “ಕೊಡಪ್ಪ” ಅನ್ನುವುದು ಆದೇಶ ಅಲ್ಲ. 106ನೇ ಕಲಂ ಪ್ರಕಾರ ಸಂಶಯದ ವಸ್ತುವನ್ನು ವಶಕ್ಕೆ ಪಡೆದರೆ ಮ್ಯಾಜಿಸ್ಟ್ರೇಟರಿಗೆ ತಡಮಾಡದೆ ತಿಳಿಸಬೇಕು. 105ನೇ ಕಲಂ ಪ್ರಕಾರ ಶೋಧ, ಜಪ್ತಿ ಎರಡನ್ನೂ ವಿಡಿಯೋ ಮಾಡಬೇಕು. ಮಣಿಯ ವಿಷಯದಲ್ಲಿ ಇದರಲ್ಲಿ ಒಂದೂ ಆಗಿರಲಿಲ್ಲ.

ಕೊಡಗಿನಲ್ಲಿ ಸಂವಿಧಾನದ ಚರ್ಚೆಗೆ ಬರವಿಲ್ಲ ಅನ್ನಿ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗಿರುವ ವಿನಾಯಿತಿ ಸಮಾನತೆಯ 14ನೇ ವಿಧಿಗೆ ವಿರುದ್ಧವೋ ಅಲ್ಲವೋ ಅಂತ ಕೇಸು ನಡೆದು 2021ರಲ್ಲಿ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿದಾಗ ಮದುವೆ ಮನೆಗಳಲ್ಲೂ ಅದೇ ಮಾತು. ಆದರೆ ಲೈನ್ ಮನೆಯ ಫೋನಿಗೂ ಅದೇ ಸಂವಿಧಾನ ಅಂದರೆ ಜನ ಸುಮ್ನೆ ನಗುತ್ತಾರೆ. ನನ್ನ ಕಚೇರಿಯಲ್ಲೇ ಒಬ್ಬರು ನಕ್ಕರು.

“ಅಂಥ ಯಾವ ಫೋನೂ ಇಲ್ಲ”

ರಿಟ್ ಬಿಟ್ಟದ್ದಕ್ಕೆ ಕಾನೂನು ಒಂದೇ ಕಾರಣ ಅಲ್ಲ. ತಾಯಿ ಹೇಳಿದ ಮಾತು ಇನ್ನೊಂದು. “ಬೆಂಗ್ಳೂರ್ ಕೋರ್ಟು ಬೇಡ ಮೇಡಂ. ಪೇಪರ್‌ನಲ್ಲಿ ಬಂದ್ರೆ ಸಾಹುಕಾರ್ರು ಮನೆ ಬಿಡಿಸ್ತಾರೆ. ಫೋನ್ ಬಂದ್ರೆ ಸಾಕು.” ಹಿರಿಯ ವಕೀಲರೊಬ್ಬರು ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಿ, ಆಗ ಎಲ್ಲರೂ ಓಡಿ ಬರುತ್ತಾರೆ ಅಂದರು. ಅವರು ಹೇಳಿದ್ದು ನಿಜ, ಓಡಿ ಬರುತ್ತಿದ್ದರು. ಆದರೆ ಅವತ್ತು ನನ್ನ ಕೈಯಲ್ಲಿದ್ದ ಸಂಗತಿಗಳು ಆ ಕಾಯ್ದೆಯ ಕಲಂಗಳಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಬಲವಂತವಾಗಿ ಕೂರಿಸಿದ ದೂರು ಬಿದ್ದುಹೋದರೆ ಅದರ ಜೊತೆ ನಿಜವಾದ ದೂರೂ ಬೀಳುತ್ತದೆ.

ಹಾಗಾಗಿ ಚಿಕ್ಕ ದಾರಿ ಹಿಡಿದೆವು. ಎಂಟನೇ ದಿನ ತಾಲ್ಲೂಕಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅದೇ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಂ ಕೆಳಗೆ ಒಂದೂವರೆ ಪುಟದ ಅರ್ಜಿ. ನನ್ನ ಕಕ್ಷಿದಾರನ ಫೋನನ್ನು ಠಾಣೆಯವರು ವಶಪಡಿಸಿಕೊಂಡಿದ್ದಾರೆ, ಯಾವ ಕೇಸಿಗೂ ಬೇಕಾಗಿಲ್ಲ, ವಾಪಸ್ ಕೊಡಿಸಿ. ಕೋರ್ಟು ಠಾಣೆಯಿಂದ ವರದಿ ಕೇಳಿತು. 11ನೇ ದಿನ ವರದಿ ಬಂತು. ಒಂದೇ ವಾಕ್ಯ: ಸದರಿ ಠಾಣೆಯಲ್ಲಿ ಅಂಥ ಯಾವುದೇ ಫೋನನ್ನು ವಶಪಡಿಸಿಕೊಂಡಿರುವುದಿಲ್ಲ.

ಪದಗಳ ಆಟ ನೋಡಿ. ಅವರ ಲೆಕ್ಕದಲ್ಲಿ ಅದು ಸುಳ್ಳೇ ಅಲ್ಲ. ಹುಡುಗ ತಾನಾಗಿ ಕೊಟ್ಟ, ನಾವು ವಶಪಡಿಸಿಕೊಳ್ಳಲಿಲ್ಲ! ‘ವಶಪಡಿಸಿಕೊಂಡ’ ಅನ್ನುವ ಪದವನ್ನು ನಾನೇ ಅರ್ಜಿಯಲ್ಲಿ ಬರೆದುಕೊಟ್ಟಿದ್ದೆ. ಇದು ನನ್ನ ಎರಡನೇ ತಪ್ಪು. ‘ಫೋನ್ ಠಾಣೆಯಲ್ಲಿದೆ’ ಅಂತ ಮಾತ್ರ ಬರೆದಿದ್ದರೆ ಅವರು ಹಾಗೆ ನುಣುಚಿಕೊಳ್ಳಲು ಆಗುತ್ತಿರಲಿಲ್ಲ.

ಈಗ ಫೋನ್ ಅಲ್ಲಿದೆ ಅಂತ ತೋರಿಸುವ ಹೊಣೆ ನಮ್ಮ ಮೇಲೆ ಬಿತ್ತು. ಸಾಕ್ಷಿ ಯಾರು? ಬೆಂಚಿನ ಮೇಲೆ ಕೂತಿದ್ದ ತಾಯಿ. ಅವರು ಒಳಗೆ ನಡೆದದ್ದನ್ನು ನೋಡಿಲ್ಲ.

ಹಸಿರು ಚುಕ್ಕಿ

ತಿರುವು ಬಂದದ್ದು ಮಣಿಯ ತಂಗಿಯಿಂದ. ಪಿಯುಸಿ ಓದುವ ಹುಡುಗಿ. ಅಣ್ಣನ ಜಿಮೇಲ್ ಖಾತೆ ಅವಳ ಫೋನಿನಲ್ಲೂ ತೆರೆದಿತ್ತು, ಯೂಟ್ಯೂಬ್ ನೋಡಲಿಕ್ಕೆ. “ಮೇಡಂ, ಕಳೆದ ಫೋನ್ ಹುಡುಕೋದು ಅಂತ ಒಂದಿದೆಯಲ್ಲ ಗೂಗಲ್‌ನಲ್ಲಿ” ಅಂದಳು. ನನಗೆ ಹೊಳೆದೇ ಇರಲಿಲ್ಲ.

ನನ್ನ ಕಚೇರಿಯಲ್ಲಿ ನೆಟ್‌ವರ್ಕ್ ಬರೋದು ಕಿಟಕಿ ಪಕ್ಕ ಮಾತ್ರ. ಅಲ್ಲಿ ನಿಂತು ತೆರೆದಳು. ಚಕ್ರ ತಿರುಗಿತು, ತಿರುಗಿತು. ಆಮೇಲೆ ನಕ್ಷೆ ಬಂತು. ಬಸ್ ಸ್ಟ್ಯಾಂಡ್, ಅದರ ಹಿಂದಿನ ರಸ್ತೆ, ಒಂದು ದೊಡ್ಡ ಹೆಂಚಿನ ಕಟ್ಟಡ, ಅದರ ಮೇಲೆ ಒಂದು ಹಸಿರು ಚುಕ್ಕಿ. ಕೆಳಗೆ ಬರೆದಿತ್ತು: ಬ್ಯಾಟರಿ 81 ಶೇಕಡಾ. ಹನ್ನೆರಡು ದಿನ ಆದಮೇಲೂ 81. ಅಂದರೆ ಯಾರೋ ಅದನ್ನು ಚಾರ್ಜಿಗೆ ಹಾಕುತ್ತಿದ್ದಾರೆ! ಮಣಿ ಮೊದಲ ಸಲ ಸಿಟ್ಟಾದದ್ದು ಆಗಲೇ.

ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು. ಆ ಪರದೆಯ ಚಿತ್ರವನ್ನು ನೇರವಾಗಿ ಕೋರ್ಟಿಗೆ ಕೊಟ್ಟರೆ, ಅದಕ್ಕೆ ಬೇಕಾದ ಪ್ರಮಾಣಪತ್ರ, ನಿಖರತೆ ಎಷ್ಟು ಅನ್ನುವ ಜಗಳ ಎಲ್ಲ ಶುರು. ಪಕ್ಕದ ಚಹಾ ಅಂಗಡಿಯಲ್ಲೂ ಇರಬಹುದು ಅನ್ನುತ್ತಾರೆ. ಕೊಟ್ಟ ಮರುಕ್ಷಣ ಫೋನು ನಿಜವಾಗಿಯೂ ಕಾಣೆಯಾಗಬಹುದು. ಹಾಗಾಗಿ ಚಿತ್ರವನ್ನು ಉಳಿಸಿಕೊಂಡು ಬೇರೆ ಕಡೆಯಿಂದ ಹೋದೆವು.

2020ರ ಡಿಸೆಂಬರಿನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಪೊಲೀಸ್ ಠಾಣೆಯಲ್ಲೂ ಸಿಸಿ ಕ್ಯಾಮೆರಾ ಇರಬೇಕು, ರೆಕಾರ್ಡಿಂಗನ್ನು 18 ತಿಂಗಳು ಇಡಬೇಕು ಅಂತ ಹೇಳಿದೆ. ಆ ಠಾಣೆಯ ಹಾಲಿನಲ್ಲಿ, ರೈಟರ್ ಮೇಜಿನ ಮೇಲ್ಗಡೆಯೇ ಒಂದು ಕ್ಯಾಮೆರಾ ಇತ್ತು. ಮಣಿ ಟೀ ಕುಡಿದದ್ದು ಅದರ ಕೆಳಗೆ. 15ನೇ ದಿನ ಎರಡು ಕಾಗದ ಕಳಿಸಿದೆ. ಒಂದು ಮಾಹಿತಿ ಹಕ್ಕು ಅರ್ಜಿ: ಇಂಥ ದಿನ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗಿನ ರೆಕಾರ್ಡಿಂಗ್ ಬೇಕು. ಇನ್ನೊಂದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಪತ್ರ: ನಮಗೆ ಕಾಪಿ ಕೊಡದಿದ್ದರೂ ಪರವಾಗಿಲ್ಲ, ಅಳಿಸಬೇಡಿ, ಕೋರ್ಟು ಕೇಳಬಹುದು. ಎರಡನೆಯದೇ ಕೆಲಸ ಮಾಡಿದ್ದು ಅಂತ ನನ್ನ ಊಹೆ. ಕೊಡಿ ಅಂದರೆ ‘ತನಿಖೆಗೆ ಅಡ್ಡಿ’ ಅಂತ ನಿರಾಕರಿಸುವುದು ಸುಲಭ. ಅಳಿಸಬೇಡಿ ಅಂದಾಗ ಏನು ನೆಪ ಹೇಳುತ್ತಾರೆ?

17ನೇ ದಿನ ಬೆಳಿಗ್ಗೆ ಠಾಣೆಯಿಂದ ಮಣಿಯ ತಂಗಿಗೆ ಫೋನ್ ಬಂತು. ಬಂದು ಫೋನ್ ತಗೊಂಡು ಹೋಗಲಿ.

ಒಂದು ಸಾಲು

ಹೋಗುವ ಮೊದಲು ಅವನಿಗೆ ಒಂದೇ ಮಾತು ಹೇಳಿದ್ದೆ. ಏನೇ ಸಹಿ ಮಾಡು, ಮೊದಲು ನನಗೆ ಓದಿ ಹೇಳು.

ಮಧ್ಯಾಹ್ನ ತಂಗಿಯ ಫೋನಿನಿಂದ ಕರೆ ಬಂತು. ಠಾಣೆಯ ಜಗಲಿಯಿಂದ ಮೆಲ್ಲಗೆ ಓದಿದ. “ನಾನು ನನ್ನ ಸ್ವಇಚ್ಛೆಯಿಂದ ಹಾಜರುಪಡಿಸಿದ್ದ ಮೊಬೈಲ್ ಫೋನನ್ನು ಈ ದಿನ ಸುಸ್ಥಿತಿಯಲ್ಲಿ ವಾಪಸ್ ಪಡೆದಿರುತ್ತೇನೆ. ಈ ಬಗ್ಗೆ ನನ್ನದು ಯಾವುದೇ ತಕರಾರು ಇರುವುದಿಲ್ಲ.”

ಈ ಎರಡು ವಾಕ್ಯಕ್ಕೆ ಸಹಿ ಬಿದ್ದರೆ 21ನೇ ವಿಧಿಯೂ ಇಲ್ಲ, ಪುಟ್ಟಸ್ವಾಮಿ ತೀರ್ಪೂ ಇಲ್ಲ. ಮನಸ್ಸಾರೆ ಕೊಟ್ಟ, ಮನಸ್ಸಾರೆ ಪಡೆದ, ಕಥೆ ಮುಗೀತು.

“ಸಹಿ ಮಾಡಬೇಡ” ಅಂದೆ. “ಹಾಗಂದ್ರೆ ಫೋನ್ ಕೊಡಲ್ವಂತೆ” ಅಂದ. ನನಗೂ ಅರ್ಧ ನಿಮಿಷ ಮಾತು ಹೊರಡಲಿಲ್ಲ. ಫೋನು ಅವನದು. ತತ್ವ ನನ್ನದು. ಅದರಲ್ಲಿ ಕೂಲಿಯ ಲೆಕ್ಕ ಇದೆ, ಬ್ಯಾಂಕ್ ಖಾತೆ ಇದೆ, ಅವನಿಗೆ ಅವತ್ತೇ ಬೇಕು. ಕೊನೆಗೆ ಹೇಳಿದೆ: ತಕರಾರಿಲ್ಲ ಅಂತ ಇರಲಿ ಬೇಕಾದರೆ, ಸ್ವಇಚ್ಛೆ ಅನ್ನೋದನ್ನು ತೆಗೀಲಿ. ಇಂಥ ದಿನದಿಂದ ಇಂದಿನವರೆಗೆ ಠಾಣೆಯಲ್ಲಿದ್ದ ಫೋನ್ ಅಂತ ಬರೀಲಿ. ಅಷ್ಟಕ್ಕೆ ಒಪ್ಪಿದರೆ ಸಹಿ ಮಾಡು.

ಆಮೇಲೆ ನಡೆದದ್ದನ್ನು ಅವನು ಹೇಳಿದ ಹಾಗೆ ಬರೆಯುತ್ತೇನೆ. ಅವನು ಒಳಗೆ ಹೋಗಿ ಹೇಳಿದ. ಬೈದರು. ಸುಮ್ಮನೆ ನಿಂತ. “ಲಾಯರಮ್ಮ ಹೇಳಿಕೊಟ್ರಾ?” ಅಂದರು. ಹೌದು ಅಂದ. ಹೊರಗೆ ಕೂರು ಅಂದರು. ಎರಡು ಗಂಟೆ ಕೂತ. ನಾಲ್ಕೂವರೆಗೆ ಹೊಸ ಕಾಗದ ಬಂತು. ಸ್ವಇಚ್ಛೆ ಇರಲಿಲ್ಲ, ದಿನಾಂಕ ಇತ್ತು, ಫೋನಿನ ಗುರುತಿನ ಐಎಂಇಐ ನಂಬರೂ ಇತ್ತು. ‘ತಕರಾರು ಇರುವುದಿಲ್ಲ’ ಹಾಗೇ ಉಳಿದಿತ್ತು. ಸಹಿ ಮಾಡಿದ. ಕಾಪಿ ಕೊಡಿ ಅಂದ. ಕೊಡಲ್ಲ ಅಂದರು. ಅಷ್ಟರಲ್ಲಿ ಫೋನ್ ಅವನ ಕೈಗೆ ಬಂದಿತ್ತಲ್ಲ, ಕಾಗದದ ಮೇಲೆ ಹಿಡಿದು ಒಂದು ಫೋಟೋ ತೆಗೆದ. ಯಾರೂ ತಡೆಯಲಿಲ್ಲ.

ಎರಡು ಗಂಟೆ ಆ ಬೆಂಚಿನ ಮೇಲೆ ಕೂತದ್ದನ್ನು ನಾನು ಈ ಪ್ರಕರಣದ ಬಹುಮುಖ್ಯ ಘಟನೆ ಅಂತ ಲೆಕ್ಕ ಹಾಕುತ್ತೇನೆ. ಮೊದಲ ದಿನ ಅರ್ಧ ಗಂಟೆಯಲ್ಲಿ ಎರಡು ಸಲ ಪ್ಯಾಟರ್ನ್ ಎಳೆದಿದ್ದವನು ಇವನೇ.

ಆಮೇಲೆ

‘ಫೋನನ್ನು ವಶಪಡಿಸಿಕೊಂಡಿರುವುದಿಲ್ಲ’ ಅಂತ ಕೋರ್ಟಿಗೆ ಕೊಟ್ಟ ವರದಿ ಒಂದು ಕೈಯಲ್ಲಿ, ಇಷ್ಟು ದಿನ ಠಾಣೆಯಲ್ಲಿತ್ತು ಅನ್ನುವ ರಸೀತಿ ಇನ್ನೊಂದು ಕೈಯಲ್ಲಿ. ಸುಳ್ಳು ವರದಿ ಅಂತ ಅದರ ಮೇಲೆ ಬೀಳಬಹುದಿತ್ತು. ಬೀಳಲಿಲ್ಲ. ಎರಡನ್ನೂ ಮ್ಯಾಜಿಸ್ಟ್ರೇಟರ ಮುಂದೆ ಇಟ್ಟೆವು, ಫೋನ್ ಸಿಕ್ಕಿದೆ ಅಂದೆವು. ಅವರು ಎರಡನ್ನೂ ಓದಿ, ಸರ್ಕಾರಿ ವಕೀಲರ ಮುಖ ನೋಡಿ, ರಸೀತಿಯನ್ನು ದಾಖಲೆಗೆ ತೆಗೆದುಕೊಂಡು ಅರ್ಜಿ ಮುಗಿಸಿದರು. ಅವತ್ತು ಇನ್ನೂ ಒತ್ತಬೇಕಿತ್ತು ಅಂತ ಹಿರಿಯ ವಕೀಲರು ಇವತ್ತಿಗೂ ಅನ್ನುತ್ತಾರೆ. ಇರಬಹುದು. ಮಣಿಗೆ ಅದೇ ಠಾಣೆಯ ಮುಂದೆ ದಿನಾ ಬಸ್ ಹತ್ತಬೇಕು.

ಫೆಬ್ರವರಿ ಕೊನೆಗೆ ಕಳ್ಳತನದ ಎಫ್‌ಐಆರ್ ಆಯಿತು, ಅಪರಿಚಿತರ ಮೇಲೆ. ಈ ಸಲ ಮಣಿಗೆ ಸಾಕ್ಷಿಯಾಗಿ ಕಾಗದದ ನೋಟಿಸು ಬಂತು, ಪೇದೆ ಮನೆಗೇ ತಂದುಕೊಟ್ಟರು. ಆ ಜನವರಿ 21ರಂದೇ ಸುಪ್ರೀಂ ಕೋರ್ಟು ಇನ್ನೊಂದು ಪ್ರಕರಣದಲ್ಲಿ, ಪೊಲೀಸರ ಮುಂದೆ ಹಾಜರಾಗಲು ಕೊಡುವ 35ನೇ ಕಲಂ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸುವ ಹಾಗಿಲ್ಲ ಅಂತ ರಾಜ್ಯಗಳಿಗೆ ಹೇಳಿತ್ತು. ಅದರ ಪ್ರಭಾವವೋ, ನಮ್ಮ ಪತ್ರದ್ದೋ ಗೊತ್ತಿಲ್ಲ. ನಾನೂ ಜೊತೆಗೆ ಹೋದೆ. ಫೋನ್ ಮತ್ತೆ ಕೇಳಿದರು. 94ನೇ ಕಲಂ ಆದೇಶ ಬರೆದುಕೊಡಿ, ಒಳಗೆ ನೋಡಬೇಕಾದರೆ ಕೋರ್ಟಿನಿಂದ ವಾರಂಟ್ ತನ್ನಿ, ಯಾವ ದಿನದಿಂದ ಯಾವ ದಿನದವರೆಗಿನ ಮಾಹಿತಿ ಬೇಕು ಅಂತ ಅದರಲ್ಲಿ ಇರಲಿ ಅಂದೆ. ತನಿಖಾಧಿಕಾರಿ ಹೊಸಬರು, ಒಳ್ಳೆಯ ಮನುಷ್ಯ. “ಅಷ್ಟೆಲ್ಲ ಬೇಡ ಬಿಡಿ ಮೇಡಂ” ಅಂದರು. ಬೇಕಾಗಿದ್ದರೆ ಅವರು ತರಬಹುದಿತ್ತು, ಕೋರ್ಟು ಕೊಡುತ್ತಲೂ ಇತ್ತು. ಹಕ್ಕು ಇದೆ ಅಂದರೆ ಫೋನನ್ನು ಯಾರೂ ಎಂದೂ ನೋಡಬಾರದು ಅಂತ ಅಲ್ಲ. ಇದನ್ನು ಮಣಿಗೂ ಬಿಡಿಸಿ ಹೇಳಿದ್ದೆ.

ನಾಲ್ಕು ಚೀಲ ಸಿಗಲಿಲ್ಲ. ಮಳೆಗಾಲಕ್ಕೆ ಮೊದಲು ಸಿ ರಿಪೋರ್ಟ್ ಹಾಕಿದರು, ಪತ್ತೆಯಾಗಿಲ್ಲ ಅಂತ. ತೋಟದವರು ಮನೆ ಬಿಡಿಸಲಿಲ್ಲ, ಆದರೆ ಮಣಿಯನ್ನು ಕಣದ ಕಾವಲಿಗೂ ಮತ್ತೆ ಕರೆಯಲಿಲ್ಲ. ಕಾವಲಿನ ಕೂಲಿ ಬೇರೆ ಸಿಗುತ್ತಿತ್ತು, ಅದು ಹೋಯಿತು.

ಫೋಟೋದ ವಿಷಯ ಉಳಿದಿದೆ. ಅದರ ಮೇಲೆ ಇಲಾಖೆಗೆ ದೂರು ಕೊಟ್ಟೆವು. ವಿಚಾರಣೆಗೆ ಕರೆದಾಗ, ಫೋಟೋದಿಂದ ತೊಂದರೆಯಾದವರ ಹೇಳಿಕೆ ಬೇಕು ಅಂದರು. ಮಣಿ ಕೊಟ್ಟ. ಹುಡುಗಿ ಕೊಡಲಿಲ್ಲ. ಅವಳನ್ನು ಅಷ್ಟರಲ್ಲಿ ಕೇರಳದ ಕಡೆ ಸಂಬಂಧಿಕರ ಮನೆಗೆ ಕಳಿಸಿದ್ದರು. ಮಣಿಯ ತಂಗಿಯ ಮೂಲಕ ಒಂದೇ ಪ್ರಶ್ನೆ ಕೇಳಿ ಕಳಿಸಿದ್ದಳು: ಹೇಳಿಕೆ ಕೊಟ್ಟರೆ ಆ ಫೋಟೋವನ್ನು ಫೈಲಿಗೆ ಹಾಕ್ತಾರಾ? ಹಾಕುತ್ತಾರೆ ಅಂದೆ. ಹಾಗಾದರೆ ಬೇಡ ಅಂದಳು. ಒಪ್ಪಿಸಲು ನಾನು ಹೋಗಲಿಲ್ಲ. ವಿಚಾರಣೆ ಒಬ್ಬರಿಗೆ ಎಚ್ಚರಿಕೆ ಕೊಡುವುದರಲ್ಲಿ ನಿಂತಿತು.

ರೆಕಾರ್ಡಿಂಗ್ ಅಳಿಸಬೇಡಿ ಅಂತ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ, ಸ್ವೀಕೃತಿಯ ಮುದ್ರೆ ಮಾತ್ರ ನನ್ನ ಹತ್ತಿರ ಇದೆ. ಆ ಮೇಜಿನ ಹತ್ತಿರ ಯಾರು ತಮ್ಮ ಫೋನ್ ಎತ್ತಿ ಹಿಡಿದರು ಅನ್ನುವುದು ಆ ಕ್ಯಾಮೆರಾದಲ್ಲಿ ಇದ್ದರೂ ಇರಬಹುದು. 18 ತಿಂಗಳ ಲೆಕ್ಕ 2026ರ ಜುಲೈಗೆ ಮುಗಿಯುತ್ತದೆ. ಅದರೊಳಗೆ ಅವಳು ಮನಸ್ಸು ಬದಲಿಸಿದರೆ ತಿಳಿಸು ಅಂತ ಮಣಿಯ ತಂಗಿಗೆ ಹೇಳಿಟ್ಟಿದ್ದೇನೆ.